ಕಡಸಲಿನ ಮುಂದೆ ಕಲಿಯುವ ಕೈ: ವಿಜಯಪುರ ಸೀಮೆಯಲ್ಲಿ ಮರ ಕಡೆಯುವ ವಿದ್ಯೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಬಡಿಗತನದ ಇತಿಹಾಸವೆಂದರೆ ಬಹುಮಟ್ಟಿಗೆ ನೇಗಿಲು, ಕುಂಟೆ, ಕೂರಿಗೆ ಮತ್ತು ಚಕ್ಕಡಿಗಳ ಇತಿಹಾಸವೇ ಆಗಿದ್ದರೂ, ಹೊಲವನ್ನು ಬಿಟ್ಟು ಮನೆಯೊಳಗೆ ಬಂದೊಡನೆ ಅದೇ ಕಸುಬಿನ ಇನ್ನೊಂದು ಮುಖ ಕಣ್ಣಿಗೆ ಬೀಳುತ್ತದೆ. ತೊಟ್ಟಿಲಿನ ಗೂಟ, ಹೊರಸಿನ ಕಾಲು, ಲಟ್ಟಣಿಗೆ, ಕಡಗೋಲು, ಬೀಸುವ ಕಲ್ಲಿನ ಹಿಡಿಗೂಟ, ಮಕ್ಕಳ ಬುಗರಿ ಮೊದಲಾದವನ್ನು ತಿರುಗುವ ಮರಕ್ಕೆ ಉಳಿ ಹಿಡಿದು ದುಂಡಾಗಿಸಬೇಕು. ಎರಡು ಕಬ್ಬಿಣದ ಮೊನೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಅದನ್ನು ಹಗ್ಗದಿಂದಲೋ ಬಿಲ್ಲಿನಿಂದಲೋ ಮೋಟಾರಿನಿಂದಲೋ ತಿರುಗಿಸುವ ಸಾಧನಕ್ಕೆ ಕಡಸಲು ಎಂದು ಹೆಸರು. ದಖನಿ ಮಾತಿನಲ್ಲಿ ಅದು ಖರಾದು, ಇಂದಿನ ವರ್ಕ್‌ಶಾಪುಗಳಲ್ಲಿ ಲೇತು. ಈ ಸಾಧನದ ಚರಿತ್ರೆಯನ್ನು ನುರಿತವರ ಕೃತಿಗಳ ಮೂಲಕ ಹೇಳುವುದು ವಾಡಿಕೆ. ಆದರೆ ಕೆಲಸವನ್ನು ಯಾರು ಯಾರಿಗೆ ಹಂಚಬೇಕು, ಯಾವ ಮರವನ್ನು ಆರಿಸಬೇಕು, ಯಾವ ವಸ್ತುವನ್ನು ಕಡಸಲಿಗೆ ಏರಿಸಲೇಬಾರದು ಎಂಬ ಹಳೆಯ ಕಟ್ಟುಪಾಡುಗಳನ್ನು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಹೊಸದಾಗಿ ಕಲಿಯುವವನ ಕೈಯಲ್ಲಿ ಆಗುವ ಅವಘಡಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದು ರೂಪುಗೊಂಡವೆಂದು ತೋರುತ್ತದೆ.

ತಿರುಗಿಸಿ ದುಂಡಾಗಿಸುವ ವಿದ್ಯೆಯ ಅತ್ಯಂತ ಹಳೆಯ ಸಾಕ್ಷಿ ಈ ಭಾಗದಲ್ಲಿ ಉಳಿದಿರುವುದು ಕಲ್ಲಿನಲ್ಲಿ. ಭೀಮಾ ತೀರದ ತರ್ದವಾಡಿಯನ್ನು ಕೇಂದ್ರವಾಗಿಟ್ಟುಕೊಂಡ ತರ್ದವಾಡಿ ಸಾಸಿರವೆಂಬ ಆಡಳಿತ ವಿಭಾಗ ಇಂದಿನ ಇಂಡಿ ಹಾಗೂ ಅದರ ನೆರೆಯ ತಾಲ್ಲೂಕುಗಳಲ್ಲಿ ಹರಡಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಅದನ್ನು ಚಾಲುಕ್ಯ ತೈಲಪನಿಗೆ ಉಂಬಳಿಯಾಗಿ ಕೊಟ್ಟಿದ್ದನ್ನು ಬಾಗೇವಾಡಿ ಸೀಮೆಯ ನರಸಲಗಿಯ 965ರ ಶಾಸನ ತಿಳಿಸುತ್ತದೆ, ಮತ್ತು ಅದೇ ತೈಲಪನು 973ರಲ್ಲಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಅಡಿಪಾಯ ಹಾಕಿದನು. ಈ ವಂಶದ ಕಾಲದಲ್ಲಿ, ಅಂದರೆ 11 ಮತ್ತು 12ನೆಯ ಶತಮಾನಗಳಲ್ಲಿ, ದೇವಾಲಯದ ಕಂಬಗಳನ್ನು ಕಡಸಲಿನ ತತ್ತ್ವದಿಂದಲೇ ತೀಡುವ ಪದ್ಧತಿ ಪ್ರಬುದ್ಧವಾಯಿತು. ಲಕ್ಕುಂಡಿಯಲ್ಲಿ ಮತ್ತು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ದೇವಾಲಯದಲ್ಲಿ, ಕಂಬದ ಗಂಟೆ, ಕುಂಭ ಮತ್ತು ಬಳೆಯಾಕಾರದ ಭಾಗಗಳ ಸುತ್ತ ಓಡುವ ಗೆರೆಗಳು ಎಲ್ಲಿಯೂ ಏರುಪೇರಾಗದಂತೆ ಇರುವುದು ಕಲ್ಲು ತಿರುಗುತ್ತಿದ್ದಾಗ ಉಳಿ ಒಂದೇ ಕಡೆ ನಿಂತಿದ್ದುದರ ಫಲ.

ಹೀಗೆ ತಿರುಗಿಸಲು ಬಳಪದ ಕಲ್ಲು ಬೇಕು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುವ ಈ ಹಸಿರುಬೂದು ಕಲ್ಲು ಇಂಡಿ ಮತ್ತು ಸಿಂದಗಿಯ ಕಪ್ಪು ಅಗ್ನಿಶಿಲೆಯ ನೆಲದಲ್ಲಿ ಸಿಗುವುದಿಲ್ಲ. ಮುದ್ದೇಬಿಹಾಳದ ಕಡೆ, ತಾಳಿಕೋಟೆಯ ಸುತ್ತ ಹಾಸುಹಾಸಾಗಿ ಏಳುವ ಸುಣ್ಣಕಲ್ಲು ನೆಲಹಾಸಿಗೂ ಗೋಡೆಗೂ ಒದಗುತ್ತದೆಯೇ ಹೊರತು ದಪ್ಪ ಕಂಬಕ್ಕೆ ಒದಗದು. ಆದ್ದರಿಂದ ಕಡೆದ ಕಲ್ಲುಕಂಬದ ಶ್ರೇಷ್ಠ ಮಾದರಿಗಳು ತೈಲಪನ ಮೂಲನೆಲೆಗಿಂತ ದಕ್ಷಿಣಕ್ಕೆ, ಬಳಪದ ಕಲ್ಲಿನ ಹತ್ತಿರ ಬೆಳೆದವು. ಕಲ್ಲಿಗೂ ಮರಕ್ಕೂ ಇಲ್ಲಿ ಒಂದು ಸಾಮ್ಯವಿದೆ: ಉಳಿ ಒಮ್ಮೆ ಆಳಕ್ಕೆ ಇಳಿದರೆ ಆ ತಪ್ಪನ್ನು ಮುಚ್ಚಲು ಇರುವ ದಾರಿ ಸುತ್ತಲಿನ ಮೈಯನ್ನೆಲ್ಲ ಅಷ್ಟೇ ಆಳಕ್ಕೆ ಇಳಿಸುವುದು, ಅಂದರೆ ವಸ್ತುವನ್ನೇ ಸಣ್ಣದು ಮಾಡುವುದು. ಜೊತೆಯ ಕಂಬಗಳ ಅಳತೆಗೆ ಹೊಂದಿಸಬೇಕಾದ ಕಂಬದಲ್ಲಿ ಅದಕ್ಕೂ ಅವಕಾಶವಿರಲಿಲ್ಲ.

ಅಕ್ಷರವಿದ್ಯೆಗೆ ಈ ನೆಲ ಕೊಟ್ಟ ಆಶ್ರಯ ಶಾಸನಗಳಲ್ಲಿ ದಾಖಲಾಗಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ, ಅಲ್ಲಿ ದೂರದೇಶಗಳಿಂದ ಬಂದು ಓದುವವರ ವಸತಿಗೆ ಮತ್ತು ದೀಪದೆಣ್ಣೆಗೆ ದತ್ತಿಗಳು ಸಂದದ್ದು 945ರ ಕಂಬಶಾಸನದಲ್ಲಿದೆ. ಕೈವಿದ್ಯೆಗೆ ಅಂಥ ಶಾಲೆಯೂ ದತ್ತಿಯೂ ಇರಲಿಲ್ಲ. ಅದು ಮನೆಯ ಪಡಸಾಲೆಯಲ್ಲಿ, ಊರ ಬಡಿಗರ ಕಟ್ಟೆಯ ಮೇಲೆ, ತಂದೆಯಿಂದ ಮಗನಿಗೆ, ಸೋದರಮಾವನಿಂದ ಅಳಿಯನಿಗೆ ದಾಟಿತು. ಎರಡು ಶತಮಾನಗಳ ನಂತರ ಬಾಗೇವಾಡಿಯ ನೆಲದಿಂದ ಹೊರಟ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಬಾಚಿ ಕಾಯಕದ ಬಸಪ್ಪನೆಂಬ ಬಡಿಗನೂ ಇದ್ದು ವಚನಗಳನ್ನು ರಚಿಸಿದ್ದನೆಂಬುದು ಈ ಕಸುಬಿಗೆ ದೊರೆತ ಅಪರೂಪದ ಅಕ್ಷರಗೌರವ. ಅವನ ಹೆಸರಿಗೆ ಅಂಟಿಕೊಂಡಿರುವುದು ಬಾಚಿ. ಅಂದರೆ ಹಿಡಿಗೆ ಅಡ್ಡವಾಗಿ ಅಲಗು ಕೂಡಿಸಿದ, ಮರವನ್ನು ಚಕ್ಕೆಚಕ್ಕೆಯಾಗಿ ಕೆತ್ತುವ ಆಯುಧ. ಈ ನಾಡಿನ ಬಡಿಗನ ಮೊದಲ ಆಯುಧ ಅದೇ ಆಗಿದ್ದು, ಕಡಸಲು ಎರಡನೆಯ ಸಾಲಿನಲ್ಲಿ ನಿಂತಿತು.

ಅದಕ್ಕೆ ಕಾರಣ ಆಯದ ವ್ಯವಸ್ಥೆಯಲ್ಲಿತ್ತು. ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬನಾದ ಬಡಿಗನು ವರ್ಷವಿಡೀ ರೈತರ ಒಕ್ಕಲುತನದ ಸಾಮಾನುಗಳನ್ನು ದುರಸ್ತಿ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳವನ್ನು ಆಯವೆಂದು ಪಡೆಯುತ್ತಿದ್ದನು. ಡೋಣಿ, ಭೀಮಾ, ಕೃಷ್ಣಾ ನದಿಗಳ ಎರೆಭೂಮಿಯಲ್ಲಿ ಬಿತ್ತನೆಯ ಹದ ಕೆಲವೇ ದಿನ ನಿಲ್ಲುವುದರಿಂದ ಕೂರಿಗೆಯ ತಾಳು ಮುರಿದರೆ ಅಂದೇ ಸರಿಯಾಗಬೇಕು, ತೊಟ್ಟಿಲು ಕಾಯಬಹುದು. ಹೀಗಾಗಿ ಕಡಸಲಿನ ಕೆಲಸ ಬೇಸಿಗೆಯ ಬಿಡುವಿಗೆ, ಜಾತ್ರೆಯ ಮುಂಚಿನ ವಾರಗಳಿಗೆ, ಬಸುರಿ ಮಗಳು ತವರಿಗೆ ಬಂದ ಮನೆಯವರ ಬೇಡಿಕೆಗೆ ಸೀಮಿತವಾಗಿ, ಬೇರೆ ಕೂಲಿಗೆ ನಡೆಯುವ ಹೆಚ್ಚಿನ ಕೆಲಸವಾಯಿತು. ವರ್ಷದಲ್ಲಿ ಕೆಲವೇ ವಾರ ತಿರುಗುವ ಯಂತ್ರದ ಮುಂದೆ ಹುಡುಗನೊಬ್ಬ ಕೈ ಪಳಗಿಸಿಕೊಳ್ಳಲು ಹಿಡಿಯುವ ಕಾಲ ಸಹಜವಾಗಿಯೇ ದೀರ್ಘ. 1876ರಿಂದ 1878ರವರೆಗಿನ ದೊಡ್ಡ ಬರದಂಥ ಸಂದರ್ಭದಲ್ಲಿ, ಕಣವೇ ಬರಿದಾಗಿ ಆಯ ನಿಂತಾಗ, ಮೊದಲು ಕಡಿದು ಬೀಳುತ್ತಿದ್ದುದು ಈ ಬಗೆಯ ಬಿಡುವಿನ ಕಲಿಕೆಯೇ ಇರಬೇಕು.

ಹಳೆಯ ಕಡಸಲಿನ ರಚನೆ ಸರಳ. ನೆಲಕ್ಕೆ ಬಿಗಿದ ಎರಡು ಗಿಡ್ಡ ಕಂಬಗಳಿಗೆ ಎದುರುಬದುರಾಗಿ ಮೊನೆಗಳಿರುತ್ತವೆ. ಒಂದು ಕಂಬ ಸರಿಯುವಂಥದು, ಮರದ ತುಂಡಿನ ಉದ್ದಕ್ಕೆ ತಕ್ಕಂತೆ ಅದನ್ನು ಒತ್ತಿ ಬೆಣೆ ಹೊಡೆಯಬೇಕು. ತುಂಡಿಗೆ ಎರಡು ಸುತ್ತು ಹಗ್ಗ ಸುತ್ತಿ, ಎದುರಿಗೆ ಕುಳಿತವನು ಅದರ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆದರೆ ಮರ ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ಹಗ್ಗ ಸುತ್ತಿದ ಭಾಗ 5 ಸೆಂಟಿಮೀಟರ್ ದಪ್ಪವಿದ್ದರೆ 80 ಸೆಂಟಿಮೀಟರಿನ ಒಂದು ಎಳೆತಕ್ಕೆ ಅದು 5 ಸುತ್ತು ಹಾಕುತ್ತದೆ. ಬಡಿಗರ ಮನೆಯಲ್ಲಿ ಮೊದಲೇ ಇದ್ದ ಬೈರಿಗೆಯ, ಅಂದರೆ ಬಿಲ್ಲಿನ ಹಗ್ಗದಿಂದ ತಿರುಗಿಸಿ ತೂತು ಕೊರೆಯುವ ಸಾಧನದ ತತ್ತ್ವವೇ ಇಲ್ಲಿಯೂ ಇದೆ. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 300ರ ಸುಮಾರಿನ ಪೆಟೊಸಿರಿಸ್‌ನ ಸಮಾಧಿಯ ಗೋಡೆಯ ಮೇಲೆ ಒಬ್ಬ ಹಗ್ಗ ಎಳೆಯುವ, ಇನ್ನೊಬ್ಬ ಉಳಿ ಹಿಡಿಯುವ ಇಂಥದೇ ಜೋಡಿಯ ಚಿತ್ರವಿರುವುದನ್ನು ನೋಡಿದರೆ, ಇಬ್ಬರ ಈ ವಿಂಗಡಣೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಎದುರಿಗೆ ಕುಳಿತು ಹಗ್ಗ ಎಳೆಯುವವನೇ ಹೊಸಬ. ಇದನ್ನು ಬರಿಯ ಚಾಕರಿಯೆಂದು ಎಣಿಸುವುದು ತಪ್ಪು. ಮರ ಉಳಿ ಹಿಡಿದವನ ಕಡೆಗೆ ತಿರುಗುವಾಗ ಮಾತ್ರ ಉಳಿ ಕೊಯ್ಯುತ್ತದೆ. ಹಿಂದಿರುಗುವಾಗ ಅದನ್ನು ಕೂದಲೆಳೆಯಷ್ಟಾದರೂ ಸರಿಸಬೇಕು. ಈ ತಾಳ ಹಗ್ಗ ಎಳೆಯುವವನ ತೋಳಿಗೆ ಮೊದಲು ಹತ್ತುತ್ತದೆ, ಉಳಿ ಕೈಗೆ ಬರುವ ಹೊತ್ತಿಗೆ ಅದು ಮೈಗೂಡಿರುತ್ತದೆ. ಈ ಹಂತವನ್ನು ಹಾರಿ ನೇರವಾಗಿ ಉಳಿ ಹಿಡಿದವನು ಹಿಂದಿರುಗುವ ಮರಕ್ಕೂ ಅಲಗನ್ನು ಒತ್ತಿ, ಅಲಗಿನ ಬಾಯಿ ಮೊಂಡಾಗಿ, ಮರದ ಮೈ ಹರಕುಹರಕಾಗಿ, ಮೇಲಾಗಿ ಹಗ್ಗದವನ ಬೈಗುಳವನ್ನೂ ತಿನ್ನುತ್ತಾನೆ. ಹಗ್ಗ ಎಳೆಯುವವನ ತಪ್ಪಿನಿಂದ ಆಗುವ ನಷ್ಟ ಒಂದು ಎಳೆತದ ವ್ಯರ್ಥವಷ್ಟೇ. ಉಳಿ ಹಿಡಿದವನ ತಪ್ಪಿನಿಂದ ಹಾಳಾಗುವುದು ಒಣಗಿಸಿಟ್ಟ ಮರ. ಯಾವ ತಪ್ಪು ಅಗ್ಗವೋ ಅದನ್ನು ಹೊಸಬನಿಗೆ, ಯಾವುದು ದುಬಾರಿಯೋ ಅದನ್ನು ಹಿರಿಯನಿಗೆ ಹಂಚಿದ ಈ ಏರ್ಪಾಟು, ಮರ ವಿರಳವಾದ ಸೀಮೆಯಲ್ಲಿ ಜಾಣತನದ್ದೇ ಆಗಿತ್ತು. ಹುಡುಗನ ವರ್ಷಗಳು ಅಗ್ಗವೆಂದು ಅದು ಎಣಿಸಿದ್ದೂ ನಿಜ.

ಉಳಿ ಕೈಗೆ ಬಂದ ಮೇಲಿನ ಅವಘಡಗಳಿಗೆ ಕಾರಣಗಳು ಬೇರೆ. ಉಳಿಯನ್ನು ಆತುಕೊಳ್ಳಲು ಮರದ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ನೆಲದಲ್ಲಿ ಕುಳಿತು ಕೆಲಸ ಮಾಡುವ ನಮ್ಮ ಪದ್ಧತಿಯಲ್ಲಿ ಅದನ್ನು ಕಾಲ್ಬೆರಳುಗಳಿಂದ ಅದುಮಿ ಹಿಡಿಯುವುದೂ ಉಂಟು. ಈ ಪಟ್ಟಿಗೂ ಮರಕ್ಕೂ ನಡುವೆ ಅಂತರ ಹೆಚ್ಚಾದರೆ ಉಳಿಯ ತುದಿ ಆಧಾರವಿಲ್ಲದೆ ಚಾಚಿಕೊಂಡು, ತಿರುಗುವ ಮರ ಅದನ್ನು ಕೆಳಕ್ಕೆ ಸೆಳೆಯುತ್ತದೆ. ಅಲಗಿನ ಹಿಂಬದಿಯ ಇಳಿಜಾರನ್ನು ಮೊದಲು ಮರಕ್ಕೆ ತಾಗಿಸಿ, ಆಮೇಲೆ ಹಿಡಿಯನ್ನು ನಿಧಾನವಾಗಿ ಎತ್ತುತ್ತ ಬಾಯಿಯನ್ನು ಕೊಯ್ತಕ್ಕೆ ತರುವುದು ಕ್ರಮ. ಹೊಸಬನು ಬಾಯಿಯನ್ನೇ ಮೊದಲು ಚುಚ್ಚುವುದರಿಂದ ಅದು ನಾರಿನೊಳಗೆ ಕಚ್ಚಿಕೊಂಡು, ಮರ ಮೊನೆಗಳಿಂದ ಕಳಚಿ ಹಾರುತ್ತದೆ ಅಥವಾ ಚಕ್ಕೆಯೊಂದು ಕಿತ್ತುಬರುತ್ತದೆ. ಬೆಣೆ ಸಡಿಲಿದ್ದರೂ ಇದೇ ಗತಿ. ಕಚ್ಚೆಯ ಚುಂಗು, ಹೆಗಲ ವಲ್ಲಿ, ಸಡಿಲ ತೋಳುಗಳನ್ನು ಬಿಗಿದುಕೊಂಡೇ ಕುಳಿತುಕೊಳ್ಳಬೇಕು.

ಈ ಎಲ್ಲ ಕಷ್ಟಗಳೂ ಬಟ್ಟಲನ್ನು ಕಡೆಯುವಾಗ ಇಮ್ಮಡಿಯಾಗುತ್ತವೆ. ಹೊರಸಿನ ಕಾಲಿನಲ್ಲಿ ಮರದ ನಾರು ತಿರುಗುವ ಅಕ್ಷದ ಉದ್ದಕ್ಕೂ ಓಡುತ್ತದೆ, ಆದ್ದರಿಂದ ಉಳಿಗೆ ಎಲ್ಲ ಕಡೆಯಿಂದಲೂ ಒಂದೇ ಬಗೆಯ ಮೈ ಎದುರಾಗುತ್ತದೆ. ಹಲಗೆಯಿಂದ ಬಟ್ಟಲು ಮಾಡುವಾಗ ನಾರು ಅಕ್ಷಕ್ಕೆ ಅಡ್ಡವಾಗಿರುವುದರಿಂದ ಪ್ರತಿ ಸುತ್ತಿಗೆ ಎರಡು ಬಾರಿ ನಾರು ಅಲಗಿಗೆ ಅನುಕೂಲವಾಗಿಯೂ ಎರಡು ಬಾರಿ ಎದುರಾಗಿಯೂ ಬರುತ್ತದೆ. ಅನುಕೂಲದ ಕಡೆ ನಯವಾದ ಸುರುಳಿ ಏಳುತ್ತಿರುವಂತೆಯೇ ಎದುರಿನ ಕಡೆ ಮೈ ಕಿತ್ತುಹೋಗುತ್ತಿರುತ್ತದೆ. ಒಳಭಾಗ ತೋಡುವಾಗ ಮರವನ್ನು ಒಂದೇ ಬದಿಯಿಂದ ಹಿಡಿದಿಡಬೇಕು, ಉಳಿಯ ತುದಿ ಕಣ್ಣಿಗೆ ಮರೆಯಾಗುತ್ತದೆ, ಗೋಡೆ ತೆಳುವಾದಂತೆ ನಡುಗತೊಡಗುತ್ತದೆ, ಮತ್ತು ಇನ್ನೊಂದಿಷ್ಟು ಆಳ ಎಂಬ ಆಸೆಯಲ್ಲಿ ತಳ ತೂತಾಗುತ್ತದೆ. ಹೊರಗಿನ ಎತ್ತರವನ್ನೂ ಒಳಗಿನ ಆಳವನ್ನೂ ಕಡ್ಡಿಯಿಂದ ಅಳೆದು ಹೋಲಿಸುವ ಅಭ್ಯಾಸ ತಳ ಕಳೆದುಕೊಂಡ ಬಟ್ಟಲುಗಳಿಂದಲೇ ಬರುವಂಥದು.

ವಿಜಯಪುರ ಸೀಮೆಯ ಅಡುಗೆಮನೆ ಈ ತೊಡಕಿಗೆ ಕಂಡುಕೊಂಡ ಉತ್ತರ ಕಡಸಲನ್ನೇ ಬಿಟ್ಟುಬಿಡುವುದು. ಜೋಳದ ಹಿಟ್ಟನ್ನು ನಾದಿ ರೊಟ್ಟಿ ಬಡಿಯಲು ಬೇಕಾದ ಕೊಣಮಿಗೆ, ಅಂದರೆ ಅಗಲವಾದ, ತಗ್ಗಾದ ಮರದ ಪಾತ್ರೆ, ಬಾಚಿಯಿಂದ ತೋಡಿ ಮಾಡುವ ವಸ್ತುವಾಗಿತ್ತು. ಬಾಚಿಯ ಪ್ರತಿ ಏಟಿನ ದಿಕ್ಕನ್ನು ನಾರಿಗೆ ಅನುಸಾರವಾಗಿ ಬದಲಿಸಬಹುದು. ಪಾತ್ರೆ ನಿಖರವಾಗಿ ದುಂಡಾಗಿರಲೇಬೇಕೆಂಬ ಒತ್ತಾಯವಿಲ್ಲ. ಗಂಟು ಬಂದಲ್ಲಿ ಸುತ್ತಿಹೋಗಬಹುದು. ಕಡೆದ ಬಟ್ಟಲಿಲ್ಲದಿರುವುದನ್ನು ಕೌಶಲದ ಕೊರತೆಯೆಂದು ಓದುವವರು ಕಂಬಗಳನ್ನೂ ತೊಟ್ಟಿಲುಗಳನ್ನೂ ಮರೆತಿರುತ್ತಾರೆ. ತಿರುಗಿಸಲು ಬಲ್ಲ ಬಡಿಗನು ಕೊಣಮಿಗೆಗೆ ಬಾಚಿಯನ್ನು ಎತ್ತಿಕೊಂಡದ್ದು, ಆ ನೆಲದ ಮರವನ್ನು ಬಲ್ಲವನು ಮಾಡಿದ ಆಯ್ಕೆ.

ಆ ಮರದ ಸ್ವಭಾವವನ್ನೂ ಇಲ್ಲಿ ಹೇಳಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಕಾಡೆಂಬುದು ತೀರ ಕಡಿಮೆ. ಬಡಿಗನಿಗೆ ಸಿಗುವುದು ಬದುವಿನ ಜಾಲಿ ಮತ್ತು ಬೇವು, ತೋಪಿನ ಮಾವು, ಊರಂಚಿನ ಹುಣಸೆ. ಕರಿಜಾಲಿ ಗಾಡಿಯ ಗಾಲಿಗೆ ಹೇಳಿ ಮಾಡಿಸಿದ ಗಟ್ಟಿಮರವಾದರೂ, ಒಣಗಿದ ಮೇಲೆ ಹಗ್ಗದ ಕಡಸಲಿನಲ್ಲಿ ಅದನ್ನು ಕಡೆಯುವುದು ಇಬ್ಬರಿಗೂ ಶಿಕ್ಷೆ. ಹಸಿಯಾಗಿ ಕಡೆದರೆ ಉಳಿ ಸಲೀಸಾಗಿ ಓಡುತ್ತದೆ, ಆದರೆ ಮರ ಒಣಗುವಾಗ ವರ್ಷದ ಉಂಗುರಗಳ ಗುಂಟ ಕುಗ್ಗುವಷ್ಟು, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಿಲ್ಲ; ಮೊದಲನೆಯದು ಎರಡನೆಯದರ ಸುಮಾರು ಎರಡು ಪಟ್ಟು, ಉದ್ದದಲ್ಲಿ ಕುಗ್ಗುವುದು ನಗಣ್ಯ. ಇದರಿಂದ ಸಂಜೆ ದುಂಡಗಿದ್ದ ಬಟ್ಟಲು ಕೆಲವು ದಿನಗಳಲ್ಲಿ ಮೊಟ್ಟೆಯಾಕಾರ ತಾಳುತ್ತದೆ. ಬಿಸಿಗಾಳಿಗೆ ನಾರಿನ ತುದಿಗಳು ಒಳಮೈಗಿಂತ ಬೇಗ ಒಣಗುವುದರಿಂದ ಬಿರುಕೂ ಅಲ್ಲಿಂದಲೇ ಏಳುತ್ತದೆ. ಕಡಿದ ಕೊರಡನ್ನು ಬಾವಿ ಅಥವಾ ಕೆರೆಯ ನೀರಿನಲ್ಲಿ ಮುಳುಗಿಸಿಡುವುದು, ಆಮೇಲೆ ನೆರಳಿನಲ್ಲಿ ಆರಿಸುವುದು, ತುದಿಗಳಿಗೆ ಸಗಣಿ ಬಳಿಯುವುದು, ಮೊದಲು ದಪ್ಪಗೆ ಕಡೆದಿಟ್ಟು ಪೂರ್ತಿ ಒಣಗಿದ ಮೇಲೆ ಎರಡನೆಯ ಬಾರಿ ಕಡೆಯುವುದು ಇವೆಲ್ಲ ಒಂದೇ ಸಮಸ್ಯೆಯ ಪರಿಹಾರಗಳು. ಹೊಸಬನಿಗೆ ಇವುಗಳಲ್ಲಿ ಯಾವುದೂ ಕಷ್ಟವಲ್ಲ, ಕಾಯುವುದೊಂದನ್ನು ಬಿಟ್ಟು.

ದೊಡ್ಡ ಮರಗೆಲಸಕ್ಕೆ ಮರ ಹೊರಗಿನಿಂದಲೇ ಬರಬೇಕಾಗಿತ್ತು. ಮೊಹಮ್ಮದ್ ಆದಿಲ್‌ಶಾಹಿಯ ಕಾಲದಲ್ಲಿ, 1646ರ ಸುಮಾರಿಗೆ ಕಟ್ಟಿದ ವಿಜಯಪುರದ ಅಸಾರ್ ಮಹಲಿನ ಮುಂಭಾಗದ ನಾಲ್ಕು ಭಾರೀ ಸಾಗುವಾನಿ ಕಂಬಗಳು ಈ ಬಯಲಿನಲ್ಲಿ ಬೆಳೆದವಲ್ಲ. 1880ರ ದಶಕದಲ್ಲಿ ಗದಗ-ಹೋಟಗಿ ರೈಲುಮಾರ್ಗ ಇಂಡಿ ಮತ್ತು ಬಾಗೇವಾಡಿ ಸೀಮೆಗಳ ಮೂಲಕ ಹಾದ ಮೇಲೆ ಪಶ್ಚಿಮದ ಕಾಡುಗಳ ಮರ ತರಿಸುವುದು ಸುಲಭವಾಯಿತು. ಸಾಗುವಾನಿ ನೆಲದಿಂದಲೇ ಕಡಸಲಿನ ಕೆಲಸಕ್ಕೆ ಹೆಸರಾದ ಕಲಘಟಗಿಯ ತೊಟ್ಟಿಲುಗಳೂ ಬರುತ್ತವೆ. ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವ ಉತ್ತರ ಕರ್ನಾಟಕದ ರೂಢಿಯಲ್ಲಿ ತೊಟ್ಟಿಲು ಎರಡು ಮನೆತನಗಳ ಮರ್ಯಾದೆಯ ವಸ್ತುವಾಗಿರುವುದರಿಂದ, ಅದರ ಕಡೆದ ಗೂಟಗಳಿಗೆ ಅರಗಿನ ಬಣ್ಣ ಏರಿಸುವ ವಿದ್ಯೆಯೂ ಬೆಳೆಯಿತು.

ಅರಗು ಮರಗಳ ಮೇಲೆ ಬದುಕುವ ಸಣ್ಣ ಕೀಟವೊಂದು ಸ್ರವಿಸುವ ರಾಳ. ಅದಕ್ಕೆ ಬಣ್ಣ ಬೆರೆಸಿ ಕಡ್ಡಿಯಾಗಿ ಎಳೆದು, ತಿರುಗುವ ಮರಕ್ಕೆ ಒತ್ತಿದರೆ ತಿಕ್ಕಾಟದ ಕಾವಿಗೆ ಕರಗಿ ಮೈಗೆ ಹತ್ತುತ್ತದೆ, ಆಮೇಲೆ ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಸುಮಾರು 75 ಡಿಗ್ರಿಯ ಕಾವಿನಲ್ಲಿ ಅರಗು ಮೆತ್ತಗಾಗುವುದರಿಂದ, ಮರ ನಿಧಾನವಾಗಿ ತಿರುಗಿದರೆ ಕಡ್ಡಿ ಬರಿದೆ ಪುಡಿಯಾಗಿ ಉದುರುತ್ತದೆ. ಅತಿಯಾಗಿ ಒತ್ತಿದರೆ ಒಂದೆಡೆ ಗಡ್ಡೆಗಟ್ಟಿ, ಬಣ್ಣ ಸೀದು ಕಪ್ಪಾಗುತ್ತದೆ. ಕಾವಿನ ಹದ ಕಣ್ಣಿಗೆ ಕಾಣುವಂಥದಲ್ಲ, ಕಡ್ಡಿ ಹಿಡಿದ ಬೆರಳಿಗೆ ತಿಳಿಯುವಂಥದು. ಇದೇ ವಿದ್ಯೆ ಚನ್ನಪಟ್ಟಣದಲ್ಲಿ ಆಟಿಕೆಗಳ ದೊಡ್ಡ ಉದ್ಯಮವಾಗಿ ಬೆಳೆಯಲು ಅಲ್ಲಿ ಹೇರಳವಾಗಿ ದೊರೆತ ಆಲೆಮರ, ಅಂದರೆ ಬಿಳಿಯ, ಸಣ್ಣ ನಾರಿನ, ಉಳಿಗೆ ಎದುರಾಡದ ಮರ ಮುಖ್ಯ ಕಾರಣ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬುವರು ಜಪಾನಿ ವಿಧಾನಗಳನ್ನು ಅಲ್ಲಿಗೆ ತಂದರೆಂದು ಹೇಳಲಾಗುತ್ತದೆ. ಜಾಲಿಯ ನಾಡಿನಲ್ಲಿ ಅಂಥ ಉದ್ಯಮ ಹುಟ್ಟದಿರುವುದಕ್ಕೆ ಬೇರೆ ವಿವರಣೆ ಹುಡುಕಬೇಕಾಗಿಲ್ಲ.

20ನೆಯ ಶತಮಾನದಲ್ಲಿ ಬಡಿಗನ ಜಗತ್ತನ್ನು ಎರಡು ಕಡೆಯಿಂದ ಕಬ್ಬಿಣ ಸುತ್ತುವರಿಯಿತು. ಬೆಳಗಾವಿಯಲ್ಲಿ ಉದ್ಯಮ ಆರಂಭಿಸಿ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಎರೆಭೂಮಿಯಲ್ಲಿ ಆಳದ ಉಳುಮೆಗೆ ಒದಗಿ, ಮರದ ನೇಗಿಲನ್ನೂ ಅದರೊಂದಿಗೆ ಆಯದ ಸಂಬಂಧವನ್ನೂ ಸಡಿಲಿಸಿತು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಸಂಸ್ಥೆ 1941ರಲ್ಲಿ ಹರಿಹರದಲ್ಲಿ ಆರಂಭವಾಗಿ, ಲೋಹವನ್ನೇ ಕಡೆಯುವ ಲೇತುಗಳಿಗೆ ಹೆಸರಾಯಿತು. ಇಂದು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಟರ್ನರ್ ಎಂಬ 2 ವರ್ಷದ ವೃತ್ತಿಪಾಠ ಲೋಹಕ್ಕೆ ಸಂಬಂಧಿಸಿದ್ದು. ಸಾಲೋಟಗಿಯ ಶಾಸನದ ಸಾವಿರ ವರ್ಷಗಳ ನಂತರ ಕಡೆಯುವ ವಿದ್ಯೆಗೆ ಶಾಲೆ ದೊರೆತಾಗ ಮರ ಅದರ ಹೊರಗೇ ಉಳಿಯಿತು.

ಮರದ ಕಡಸಲಿಗೆ ವಿದ್ಯುತ್ ಮೋಟಾರು ಸೇರಿದ್ದರಿಂದ ಆದ ಬದಲಾವಣೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾದದ್ದು. ಮರ ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗತೊಡಗಿದಾಗ ಹಗ್ಗ ಎಳೆಯುವವನು ಬೇಡವಾದನು, ಅಂದರೆ ಹೊಸಬ ಕುಳಿತುಕೊಳ್ಳುತ್ತಿದ್ದ ಜಾಗವೇ ಇಲ್ಲವಾಯಿತು. ಅವನು ಮೊದಲ ದಿನವೇ ಉಳಿ ಹಿಡಿಯಬೇಕಾಯಿತು, ಅದೂ ಹಿಂದೆಂದೂ ಇಲ್ಲದ ವೇಗದೆದುರು. ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುವ ಸಾಮಾನ್ಯ ಮೋಟಾರಿಗೆ ನೇರವಾಗಿ 30 ಸೆಂಟಿಮೀಟರ್ ಅಗಲದ ಬಟ್ಟಲನ್ನು ಕೂಡಿಸಿದರೆ ಅದರ ಅಂಚು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಮತ್ತು ಎದುರುನಾರು ಸೆಕೆಂಡಿಗೆ 48 ಬಾರಿ ಅಲಗಿಗೆ ಬಡಿಯುತ್ತದೆ. ಹಗ್ಗದ ಕಡಸಲಿನಲ್ಲಿ ಉಳಿ ಕಚ್ಚಿಕೊಂಡರೆ ಹಗ್ಗ ಜಾರಿ ಮರ ನಿಲ್ಲುತ್ತಿತ್ತು, ಎಳೆಯುವವನ ತೋಳು ಅಪಾಯವನ್ನು ಮೊದಲು ಅರಿತು ಸಡಿಲಾಗುತ್ತಿತ್ತು. ಮೋಟಾರಿಗೆ ಅಂಥ ಅರಿವಿಲ್ಲ. ಇಷ್ಟು ವೇಗದಲ್ಲಿ ಒಂದು ಬದಿ ಭಾರವಾದ ತುಂಡು ಕಡಸಲನ್ನೇ ಅಲುಗಿಸುತ್ತದೆ, ಒಳಗೆ ಅಡಗಿದ ಬಿರುಕು ತುಂಡನ್ನು ಸೀಳಿ ಎಸೆಯುತ್ತದೆ. ದೊಡ್ಡ ತುಂಡಿಗೆ ಕಡಿಮೆ ವೇಗ ಬರುವಂತೆ ಮೋಟಾರಿನ ಪಟ್ಟಿಯನ್ನು ಬೇರೆ ಗಾಲಿಗೆ ದಾಟಿಸುವುದು, ಮುಖದ ಮುಂದೆ ಪಾರದರ್ಶಕ ಕವಚ ಧರಿಸುವುದು, ಯಂತ್ರ ಚಾಲೂ ಮಾಡುವಾಗ ಮರದ ಎದುರಿಗೆ ನಿಲ್ಲದಿರುವುದು ಎಂಬ ಈಗಿನ ನಿಯಮಗಳು ಆ ತೋಳು ಮಾಡುತ್ತಿದ್ದ ಕೆಲಸಕ್ಕೆ ಬದಲಿ.

ಮೋಟಾರು ಇನ್ನೊಂದು ಬಾಗಿಲನ್ನೂ ತೆರೆಯಿತು. ತಂದೆಯಿಂದ ಮಗನಿಗೆ ಬರುವ ಹಗ್ಗದ ಸರದಿ ಇಲ್ಲವಾದ ಮೇಲೆ, ಕಸುಬಿನ ಮನೆತನಗಳ ಹೊರಗಿನವರೂ ಕಲಿಕೆಗೆ ಬಂದರು. ಚನ್ನಪಟ್ಟಣದ ಸರ್ಕಾರಿ ಅರಗಿನ ಕರಕುಶಲ ಸಂಕೀರ್ಣದಲ್ಲಿಯೂ ಖಾಸಗಿ ಕಾರ್ಖಾನೆಗಳಲ್ಲಿಯೂ ವಿದ್ಯುತ್ ಕಡಸಲಿನ ಮುಂದೆ ಕುಳಿತು ಬಳೆ, ಮಣಿ, ಆಟಿಕೆಗಳನ್ನು ಕಡೆಯುವ ಮಹಿಳೆಯರು ಇಂದು ಅನೇಕರಿದ್ದಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕೊಣಮಿಗೆಯ ಜಾಗಕ್ಕೆ ಬಹುಮಟ್ಟಿಗೆ ಅಲ್ಯೂಮಿನಿಯಂ ಮತ್ತು ಸ್ಟೀಲಿನ ಪರಾತಗಳು ಬಂದಿದ್ದರೆ, ಬಡಿಗರ ಅಂಗಡಿಗಳಲ್ಲಿ ಮೋಟಾರು ಕಡಸಲು ಮಂಚದ ಕಾಲಿಗೂ ಬಾಗಿಲ ಚೌಕಟ್ಟಿನ ಅಲಂಕಾರಕ್ಕೂ ತಿರುಗುತ್ತದೆ. ಅಮಾವಾಸ್ಯೆಯಂದು ಕೆಲಸಕ್ಕೆ ಬಿಡುವು ಕೊಡುವ ರೂಢಿಯೂ, ಖಂಡೇಪೂಜೆಯ ದಿನ ಬಾಚಿ, ಉಳಿ, ಗರಗಸಗಳನ್ನು ತೊಳೆದಿಟ್ಟು ಪೂಜಿಸುವ ರೂಢಿಯೂ ಹಲವು ಬಡಿಗರ ಮನೆಗಳಲ್ಲಿ ನಡೆದುಬಂದಿದ್ದು, ಆ ಸಾಲಿಗೆ ಈಗ ಮೋಟಾರು, ಅದರ ಸ್ವಿಚ್ಚು ಮತ್ತು ಪಟ್ಟಿಗಳೂ ಸೇರಿವೆ.